ಮಾತೃಭಾಷೆಯ ಕಾಲಂ: ರಾಯಚೂರಿನ ಒಂದು ಅಲ್ಪಸಂಖ್ಯಾತ ಮಹಿಳಾ ಕಾಲೇಜಿನಲ್ಲಿ ಮಗಳ ಮೂರು ವರ್ಷ

2022ರ ಆಗಸ್ಟಿನಲ್ಲಿ ಮಗಳನ್ನು ಬಿ.ಕಾಂ.ಗೆ ಸೇರಿಸಲೆಂದು ರಾಯಚೂರಿನ ಆ ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ನಿಂತಿದ್ದೆವು. ಒಳಗಿದ್ದ ಗುಮಾಸ್ತರು ಅವಳ ಹೆಸರನ್ನಷ್ಟೇ ಕೇಳಿ, ಉಳಿದ ಕಾಲಂಗಳನ್ನು ತಲೆ ಎತ್ತದೆ ತುಂಬಿಕೊಂಡು ಹೋದರು: ಧರ್ಮ ಇಸ್ಲಾಂ, ಮಾತೃಭಾಷೆ ಉರ್ದು, ಪ್ರವರ್ಗ 2ಬಿ. ಮೂರರಲ್ಲಿ ಮೊದಲನೆಯದು ಮಾತ್ರ ಸರಿಯಾಗಿತ್ತು. ನಾವು ನದಾಫರು, ಊರ ಮಾತಿನಲ್ಲಿ ಪಿಂಜಾರರು. ಹತ್ತಿ ಹಿಂಜುವುದು ಅಜ್ಜಂದಿರ ಕಸುಬು, ಮನೆಯಲ್ಲಿ ಆಡುವುದು ಕನ್ನಡ, ಹಿಂದುಳಿದ ವರ್ಗಗಳ ಸರ್ಕಾರಿ ಮೀಸಲಾತಿ ಪಟ್ಟಿಯಲ್ಲಿ 2ಬಿ ಸಾಮಾನ್ಯವಾಗಿ ಮುಸ್ಲಿಮರದು, ನಮ್ಮ ಜಾಗ ಪ್ರವರ್ಗ-1ರಲ್ಲಿ. "ನಮ್ಮ ಮನಿ ಮಾತು ಕನ್ನಡ ಐತ್ರಿ ಸರ್" ಎಂದು ಮಗಳೇ ಹೇಳಿದಳು. ಗುಮಾಸ್ತರು ಪೆನ್ನು ಎತ್ತಿ ಇಬ್ಬರನ್ನೂ ನೋಡಿದರು. ಕೋಪದಿಂದಲ್ಲ, ಲೆಕ್ಕ ತಾಳೆಯಾಗದವರು ನೋಡುವಂತೆ. ಉರ್ದುವನ್ನು ಹೊಡೆದು ಕನ್ನಡ ಎಂದು ಬರೆದರು. 2ಬಿ ಹಾಗೆಯೇ ಉಳಿಯಿತು, ವಿಶ್ವವಿದ್ಯಾಲಯಗಳ ಪ್ರವೇಶ ನಡೆಯುವ ಯುಯುಸಿಎಂಎಸ್ ಜಾಲತಾಣಕ್ಕೂ ಹಾಗೆಯೇ ಏರಿತು, ಅದನ್ನು ತಿದ್ದಿಸಲು ನಾಡಕಚೇರಿಯ ಜಾತಿ ಪ್ರಮಾಣಪತ್ರ ಹಿಡಿದು ನಾನು ನಾಲ್ಕು ಸಲ ಓಡಾಡಬೇಕಾಯಿತು.

ಮಗಳು 2025ರಲ್ಲಿ ಪದವಿ ಮುಗಿಸಿ ಹೊರಬಂದಿದ್ದಾಳೆ. ಈ ಮೂರು ವರ್ಷಗಳಲ್ಲಿ ಮಾನ್ವಿ ರಸ್ತೆಯ ನಮ್ಮ ಸುತ್ತಲಿನ ಹಳ್ಳಿಗಳ ಎಷ್ಟೋ ಮಂದಿ, ನಮ್ಮ ಜನರೂ ಬೇರೆಯವರೂ, "ಆ ಕಾಲೇಜು ಹೆಂಗೈತಿ, ಹುಡುಗಿನ್ನ ಹಾಕಬಹುದೇನು?" ಎಂದು ಕೇಳಿದ್ದಾರೆ. ಬಸ್ಸಿನಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಕಂಡ ಕೊರತೆಗಳು ಅದೊಂದರ ಸ್ವತ್ತಲ್ಲ, ಗುಣಗಳೂ ಅಲ್ಲ. ನಾನು ಶಿಕ್ಷಣ ತಜ್ಞನಲ್ಲ, ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವನು. ಆದ್ದರಿಂದ ವಾಣಿಜ್ಯ ಪದವಿ ಕಲಿಸುವ ಕಾಲೇಜನ್ನು ತೂಗುವಾಗ ನನ್ನ ತಕ್ಕಡಿ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ.

ಕಾಲೇಜಿರುವುದು ಬಸ್ ನಿಲ್ದಾಣದಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿಯಲ್ಲಿ. ಊರಿನ ಕೆಲವು ಮುಸ್ಲಿಂ ಹಿರಿಯರು ಕಟ್ಟಿದ ಟ್ರಸ್ಟ್ ಅದನ್ನು ನಡೆಸುತ್ತದೆ. ಸರ್ಕಾರದ ಅನುದಾನವಿಲ್ಲ, ಬಿ.ಎ. ಮತ್ತು ಬಿ.ಕಾಂ. ಇವೆ, ಬಿ.ಎಸ್‌ಸಿ. ಹೆಸರಿಗೆ ಇದೆ. ಸಂಯೋಜನೆ 2021ರಲ್ಲಿ ಆರಂಭವಾದ ರಾಯಚೂರು ವಿಶ್ವವಿದ್ಯಾಲಯದ್ದು. ಅದಕ್ಕೂ ಮೊದಲು ಈ ಜಿಲ್ಲೆಯ ಕಾಲೇಜುಗಳೆಲ್ಲ 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗಿದ್ದವು, ಅಂಕಪಟ್ಟಿಯಲ್ಲಿ ಒಂದು ಅಕ್ಷರ ತಪ್ಪಿದರೂ ಕಲಬುರಗಿಯ ತನಕ ಹೋಗಬೇಕಿತ್ತು. ಆ ಕಷ್ಟವಾದರೂ ನಮ್ಮ ಮಗಳಿಗೆ ತಪ್ಪಿತು.

'ಅಲ್ಪಸಂಖ್ಯಾತ ಕಾಲೇಜು' ಎಂಬ ಮಾತಿನ ಬಗ್ಗೆ ಜನರಲ್ಲಿರುವ ಗೊಂದಲವನ್ನು ಮೊದಲು ಬಿಡಿಸಬೇಕು. ಪ್ರವೇಶಕ್ಕೆ ಮೊದಲು ನನಗೂ ಅದು ಸ್ಪಷ್ಟವಿರಲಿಲ್ಲ. ಸಂವಿಧಾನದ 30ನೆಯ ವಿಧಿಯ ಮೊದಲ ಖಂಡ, ಧರ್ಮದಿಂದಾಗಲಿ ಭಾಷೆಯಿಂದಾಗಲಿ ಅಲ್ಪಸಂಖ್ಯಾತರಾದವರು ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ಆಡಳಿತ ನಡೆಸುವ ಹಕ್ಕನ್ನು ಕೊಡುತ್ತದೆ. ಯಾರು ಅಲ್ಪಸಂಖ್ಯಾತರು ಎಂಬುದನ್ನು ಇಡೀ ದೇಶದ ಲೆಕ್ಕದಲ್ಲಲ್ಲ, ರಾಜ್ಯದ ಲೆಕ್ಕದಲ್ಲಿ ನೋಡಬೇಕೆಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹೇಳಿತು. ಅಂದರೆ ಬಳ್ಳಾರಿಯ ತೆಲುಗು ಮಾತಾಡುವವರು ಇಲ್ಲಿ ಭಾಷಾ ಅಲ್ಪಸಂಖ್ಯಾತರು, ಕಾಸರಗೋಡಿನ ಕನ್ನಡಿಗರು ಅಲ್ಲಿ ಭಾಷಾ ಅಲ್ಪಸಂಖ್ಯಾತರು. ಈ ವಿಧಿ ನಮಗಲ್ಲ, ಬೇರೆ ಯಾರಿಗೋ ಎಂದುಕೊಂಡ ಕನ್ನಡಿಗರು ಕಾಸರಗೋಡನ್ನು ಒಮ್ಮೆ ನೆನೆಯಬೇಕು. 2004ರಲ್ಲಿ ಇಂಥ ಸಂಸ್ಥೆಗಳಿಗಾಗಿ ಒಂದು ರಾಷ್ಟ್ರೀಯ ಆಯೋಗವೂ ಬಂತು. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ ಅಲ್ಪಸಂಖ್ಯಾತ ಸಂಸ್ಥೆಯಲ್ಲ ಎಂಬ 1967ರ ತೀರ್ಪನ್ನು ತೆಗೆದುಹಾಕಲು 2024ರ ನವೆಂಬರ್ 8ರ ತನಕ ಕಾಯಬೇಕಾಯಿತು. ಅಂದೂ ಕೋರ್ಟು ನಾಲ್ಕಕ್ಕೆ ಮೂರರ ಬಹುಮತದಲ್ಲಿ ಅಳತೆಗೋಲನ್ನಷ್ಟೇ ನಿಗದಿ ಮಾಡಿ, ಅದನ್ನು ಆ ವಿಶ್ವವಿದ್ಯಾಲಯಕ್ಕೆ ಹಿಡಿದು ನೋಡುವ ಕೆಲಸವನ್ನು ಇನ್ನೊಂದು ಪೀಠಕ್ಕೆ ಬಿಟ್ಟಿತು.

ಈ ತೀರ್ಪುಗಳಲ್ಲಿ ಮುಖ್ಯವಾಗಿ ಚರ್ಚೆಯಾಗುವುದು, ಸಂಸ್ಥೆಯನ್ನು ಯಾರು ಸ್ಥಾಪಿಸಿದರು ಮತ್ತು ಯಾರು ನಡೆಸುತ್ತಾರೆ ಎಂಬುದು. ಅಲ್ಲಿ ಕುಳಿತು ಓದುವ ಹುಡುಗಿಗೆ ಏನು ದಕ್ಕಿತು ಎಂಬ ಪ್ರಶ್ನೆ ಅದರಲ್ಲಿ ಹಿಂದೆ ಬೀಳುತ್ತದೆ. ಅಮೆರಿಕದಲ್ಲಿ ಬೇರೊಂದು ಅಳತೆಯೂ ಇದೆ. ಅಲ್ಲಿ 1965ರ ಉನ್ನತ ಶಿಕ್ಷಣ ಕಾಯ್ದೆಯ ಪ್ರಕಾರ, 1964ಕ್ಕಿಂತ ಮೊದಲು ಕರಿಯರ ಶಿಕ್ಷಣವನ್ನೇ ಮುಖ್ಯ ಗುರಿಯಾಗಿಸಿಕೊಂಡು ಹುಟ್ಟಿದ ಕಾಲೇಜುಗಳು ಒಂದು ಬಗೆ. ಪದವಿ ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇ. 25ರಷ್ಟು ಹಿಸ್ಪಾನಿಕ್ ಜನರಿರುವ ಕಾಲೇಜುಗಳು ಇನ್ನೊಂದು ಬಗೆ. ಎರಡನೆಯದಕ್ಕೆ ಸ್ಥಾಪಕರು ಯಾರಾದರೂ ನಡೆಯುತ್ತದೆ, ಬೆಂಚಿನ ಮೇಲೆ ಕುಳಿತವರ ಲೆಕ್ಕವೇ ಲೆಕ್ಕ. ಆ ಗೋಲಿನಿಂದ ಅಳೆದರೆ ನಮ್ಮ ಸೀಮೆಯ ಹಲವು ಸರ್ಕಾರಿ ಕಾಲೇಜುಗಳೂ 'ಅಲ್ಪಸಂಖ್ಯಾತರಿಗೆ ಸಲ್ಲುವ' ಕಾಲೇಜುಗಳೇ ಆದಾವು. ಈ ವಿಮರ್ಶೆಗೆ ನಾನು ಆರಿಸಿಕೊಂಡಿರುವುದೂ ಬೆಂಚಿನ ಲೆಕ್ಕವನ್ನೇ. ಗೇಟಿನ ಫಲಕದ ಮೇಲೆ ಏನು ಬರೆದಿದೆ ಎನ್ನುವುದು ಟ್ರಸ್ಟಿನ ವಿಷಯ. ನಾನು ಶುಲ್ಕ ಕಟ್ಟಿದ್ದು ಕಲಿಕೆಗೆ.

ಹಾಗೆ ನೋಡಿದಾಗ ಮೊದಲು ಹೇಳಬೇಕಾದದ್ದು ನಂಬಿಕೆಯ ಮಾತು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 60ರ ಆಸುಪಾಸಿನಲ್ಲಿತ್ತು, ಹೆಣ್ಣುಮಕ್ಕಳದ್ದು ಶೇ. 50ನ್ನೂ ಮುಟ್ಟಿರಲಿಲ್ಲ. ಮುಸ್ಲಿಮರ ಸ್ಥಿತಿಗತಿ ಪರಿಶೀಲಿಸಿದ ಸಾಚಾರ್ ಸಮಿತಿಯ 2006ರ ವರದಿ, ಇಪ್ಪತ್ತು ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತ ಕಡಿಮೆ ಎಂದು ತೋರಿಸಿತ್ತು. ಈ ಎರಡೂ ಅಂಕಿಗಳು ಒಂದೇ ಮನೆಯೊಳಗೆ ಸೇರಿದರೆ ಏನಾಗುತ್ತದೆ ಎಂಬುದು ನನ್ನ ತಂಗಿಯರ ಬದುಕಿನಲ್ಲಿದೆ; ಮೂವರಲ್ಲಿ ಒಬ್ಬಳೂ ಏಳನೆಯ ಇಯತ್ತೆ ದಾಟಲಿಲ್ಲ. ಅಂಥ ಮನೆಯಿಂದ ಒಂದು ಹುಡುಗಿ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ ಪದವಿ ಓದಬೇಕಾದರೆ, ಬೋಧನೆಯ ಗುಣಮಟ್ಟಕ್ಕಿಂತ ಮೊದಲು ಮನೆಯ ಹಿರಿಯರ ತಲೆ ಅಲ್ಲಾಡಬೇಕು. ನಮ್ಮ ತಾಯಿ ಒಪ್ಪಿದ್ದು, ಪ್ರಾಂಶುಪಾಲರು ಹೆಂಗಸು, ಗೇಟಿನಲ್ಲಿ ಕಾವಲಿದೆ, ಕ್ಲಾಸಿಗೆ ಬಾರದಿದ್ದರೆ ಅಂದೇ ಫೋನು ಬರುತ್ತದೆ ಎಂಬ ಮೂರು ಕಾರಣಗಳಿಗೆ. ಫೋನು ನಿಜವಾಗಿಯೂ ಬರುತ್ತಿತ್ತು. ಮಗಳಿಗೆ ಜ್ವರ ಬಂದ ದಿನ ನಾನು ಕಾರ್ಖಾನೆಯಲ್ಲಿ ಹತ್ತಿಯ ತೂಕದ ಚೀಟಿ ನೋಡುತ್ತಿದ್ದಾಗ, ಹನ್ನೊಂದು ಗಂಟೆಯೊಳಗೆ ಕಾಲೇಜಿನವರು ವಿಚಾರಿಸಿದ್ದರು.

ನಾವು ಸೇರಿಸಿದ ವರ್ಷ ಈ ನಂಬಿಕೆಗೆ ಇನ್ನೊಂದು ಕಾರಣವೂ ಕೂಡಿಕೊಂಡಿತ್ತು. 2022ರ ಫೆಬ್ರುವರಿಯಲ್ಲಿ ಹಿಜಾಬ್ ವಿವಾದದ ನಡುವೆ ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಬಂತು, ಮಾರ್ಚ್ 15ರಂದು ಹೈಕೋರ್ಟು ಅದನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಯಾವ ಆದೇಶ ಯಾವ ಕಾಲೇಜಿಗೆ ಅನ್ವಯಿಸುತ್ತದೆ ಎಂಬ ಸೂಕ್ಷ್ಮ ಹಳ್ಳಿಯ ತಾಯಂದಿರಿಗೆ ತಿಳಿಯುವಂಥದ್ದಲ್ಲ; ಅವರಿಗೆ ತಿಳಿದದ್ದು, ಗೇಟಿನಲ್ಲಿ ತಮ್ಮ ಮಗಳನ್ನು ನಿಲ್ಲಿಸಬಹುದು ಎಂಬ ಭಯ ಮಾತ್ರ. ನನ್ನ ಮಗಳು ತಲೆಗೆ ದುಪಟ್ಟಾ ಹೊದೆಯುವವಳು, ಬುರ್ಖಾ ಹಾಕಿದವಳಲ್ಲ. ಈ ಕಾಲೇಜಿನಲ್ಲಿ ಆ ಮೂರು ವರ್ಷ ಯಾರೂ ಯಾರ ತಲೆಯ ಬಟ್ಟೆಯನ್ನೂ ಪ್ರಶ್ನಿಸಲಿಲ್ಲ. ಹಾಕಿದವರನ್ನೂ ಕೇಳಲಿಲ್ಲ, ಹಾಕದವರನ್ನೂ ಕೇಳಲಿಲ್ಲ. ಹಾಕದವರನ್ನು ಕೇಳಲಿಲ್ಲ ಎಂಬುದನ್ನು ನಾನು ವಿಶೇಷವಾಗಿ ಗಮನಿಸಿದ್ದೇನೆ, ಏಕೆಂದರೆ ನನ್ನ ಭಯ ಆ ಕಡೆಗಿತ್ತು.

ಮೂರನೆಯ ಸೆಮಿಸ್ಟರಿನಲ್ಲಿ ನಡೆದ ಒಂದು ಸಂಗತಿಯನ್ನು ಹೇಳದಿದ್ದರೆ ಈ ಬರಹ ಅನ್ಯಾಯವಾಗುತ್ತದೆ. ಮಗಳ ಗೆಳತಿಯೊಬ್ಬಳಿಗೆ ಮದುವೆ ಗೊತ್ತಾಗಿ, ಅವಳು ಕಾಲೇಜಿಗೆ ಬರುವುದು ನಿಂತಿತು. ಎರಡನೆಯ ವಾರ ಪ್ರಾಂಶುಪಾಲರೂ ಅರ್ಥಶಾಸ್ತ್ರದ ಮೇಡಂ ಅವರೂ ಬಾಡಿಗೆ ಕಾರು ಮಾಡಿಕೊಂಡು ಆ ಹುಡುಗಿಯ ಊರಿಗೇ ಹೋದರು. ಮದುವೆ ಬೇಡವೆಂದು ಉಪದೇಶ ಮಾಡಲಿಲ್ಲವಂತೆ. ಹುಡುಗಿಯ ಅಜ್ಜಿಯ ಪಕ್ಕದಲ್ಲಿ ಕುಳಿತು, ಚಹಾ ಕುಡಿದು, ಗಂಡಿನ ಮನೆಯವರು ಯಾರೆಂದು ತಿಳಿದುಕೊಂಡು, ಅಲ್ಲಿಂದಲೇ ಬೀಗರಿಗೆ ಫೋನು ಹಚ್ಚಿ, "ನಿಮ್ಮ ಸೊಸೆ ಡಿಗ್ರಿ ಮುಗಿಸ್ಕೊಂಡು ಬಂದರೆ ನಿಮಗೇ ಹೆಚ್ಚು" ಎಂದು ಒಪ್ಪಿಸಿದರು. ಮದುವೆ ನಡೆಯಿತು, ಹುಡುಗಿ ಹದಿನೈದು ದಿನ ಬಿಟ್ಟು ತರಗತಿಗೆ ಬಂದಳು, ಪದವಿಯನ್ನೂ ಮುಗಿಸಿದಳು. ದೊಡ್ಡ ಹೆಸರಿನ ಯಾವ ಕಾಲೇಜಿನ ಪ್ರಾಂಶುಪಾಲರು ಹೀಗೆ ವಿದ್ಯಾರ್ಥಿನಿಯ ಅಜ್ಜಿಯ ಹತ್ತಿರ ಹೋಗಿ ಕೂರುತ್ತಾರೆ? ಹೋದರೂ ಆ ಮನೆಯ ಬಾಗಿಲು ಅಷ್ಟು ಸಲೀಸಾಗಿ ತೆರೆಯುತ್ತಿತ್ತೇ? ಸಮುದಾಯದ ಕಾಲೇಜು ಎಂಬುದಕ್ಕೆ ಅರ್ಥವಿದ್ದರೆ ಅದು ಇಲ್ಲಿದೆ, ಮತ್ತು ಇದಕ್ಕೆ ಯಾವ ಮೌಲ್ಯಮಾಪನ ಸಮಿತಿಯ ನಮೂನೆಯಲ್ಲೂ ಕಾಲಂ ಇಲ್ಲ.

ಬಸ್ಸಿನ ವಿಷಯ ಚಿಕ್ಕದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಪಾಸಿನ ಖರ್ಚು ಉಳಿಯಿತು, ಬಸ್ಸಿನಲ್ಲಿ ನಿಲ್ಲುವ ಜಾಗ ಹೋಯಿತು.

ವಿದ್ಯಾರ್ಥಿವೇತನದ ಮಾತಿಗೆ ಬಂದರೆ ಕಾಲೇಜನ್ನು ಮೆಚ್ಚಬೇಕೋ ಮರುಗಬೇಕೋ ತಿಳಿಯುವುದಿಲ್ಲ. ಕಚೇರಿಯ ಒಂದು ಮೂಲೆಯಲ್ಲಿ ಒಬ್ಬ ಹುಡುಗ ಇಡೀ ದಿನ ರಾಜ್ಯದ ಎಸ್‌ಎಸ್‌ಪಿ ಮತ್ತು ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣಗಳ ಅರ್ಜಿಗಳನ್ನು ತುಂಬಿಕೊಡುತ್ತಾನೆ, ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ. ಹೊರಗಿನ ಸೈಬರ್ ಕೆಫೆಯಲ್ಲಿ ಇದೇ ಕೆಲಸಕ್ಕೆ ನೂರು, ನೂರೈವತ್ತು ಕೊಡಬೇಕು. ಕೇಂದ್ರದ ಮೆಟ್ರಿಕ್ ನಂತರದ ವೇತನಕ್ಕೆ ಕುಟುಂಬದ ವಾರ್ಷಿಕ ಆದಾಯ 2 ಲಕ್ಷ ರೂಪಾಯಿ ಮೀರಬಾರದಿತ್ತು, ಹಿಂದಿನ ಪರೀಕ್ಷೆಯಲ್ಲಿ ಶೇ. 50 ಅಂಕ ಇರಬೇಕಿತ್ತು. ಮಗಳಿಗೆ ಎರಡೂ ಹೊಂದಿದ್ದವು. ಮೊದಲ ವರ್ಷ ಹಣ ಬಂತು. ಅಷ್ಟರಲ್ಲಿ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ದೇಶದಾದ್ಯಂತ 1,572 ಸಂಸ್ಥೆಗಳನ್ನು ಪರಿಶೀಲಿಸಿ, ಅವುಗಳಲ್ಲಿ 830 ನಕಲಿ ಅಥವಾ ನಡೆಯುತ್ತಲೇ ಇಲ್ಲದ ಸಂಸ್ಥೆಗಳೆಂದು ಕಂಡು, 2023ರಲ್ಲಿ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿತು. ಕಳ್ಳರನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗಳ ಎರಡನೆಯ ವರ್ಷದ ಅರ್ಜಿ 'ಸಂಸ್ಥೆಯ ಹಂತದಲ್ಲಿ ಪರಿಶೀಲಿತ' ಎಂಬಲ್ಲಿಗೆ ಬಂದು ನಿಂತದ್ದು ಅಲ್ಲಿಂದ ಕದಲಲೇ ಇಲ್ಲ. ಇದಕ್ಕೂ ಮೊದಲೇ, 2022ರಲ್ಲಿ, ಎಂಟನೆಯ ತರಗತಿಯವರೆಗಿನ ಮಕ್ಕಳ ಮೆಟ್ರಿಕ್ ಪೂರ್ವ ವೇತನವನ್ನೂ ಸಂಶೋಧನೆ ಮಾಡುವವರ ಮೌಲಾನಾ ಆಜಾದ್ ಫೆಲೋಶಿಪ್ಪನ್ನೂ ಕೇಂದ್ರ ನಿಲ್ಲಿಸಿತ್ತು. 2024ರಲ್ಲಿ, 1989ರಿಂದ ಇದ್ದ ಮೌಲಾನಾ ಆಜಾದ್ ಶಿಕ್ಷಣ ಪ್ರತಿಷ್ಠಾನವನ್ನೇ ಮುಚ್ಚುವ ಆದೇಶ ಬಂತು. ವಿದ್ಯಾರ್ಥಿವೇತನ ಬರುತ್ತದೆ ಎಂಬ ಭರವಸೆಯ ಮೇಲೆ ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಬಿಡುವ ಇಂಥ ಕಾಲೇಜುಗಳಿಗೆ, ಆ ಹಣ ನಿಂತರೆ ಉಪನ್ಯಾಸಕರ ಸಂಬಳವೇ ನಿಲ್ಲುತ್ತದೆ. ಕಂತು ತಡವಾಯಿತೆಂದು ಮಗಳ ಪ್ರವೇಶಪತ್ರವನ್ನು ಅವರು ಒಮ್ಮೆಯೂ ತಡೆಹಿಡಿಯಲಿಲ್ಲ. ನನ್ನ ಲೆಕ್ಕದ ಪುಸ್ತಕದಲ್ಲಿ ಇದು ಅವರ ಜಮೆಯ ಕಡೆ ಬೀಳುವ ದೊಡ್ಡ ಮೊತ್ತ.

ಇನ್ನು ಖರ್ಚಿನ ಕಡೆ.

ಬಿ.ಕಾಂ. ಬೋಧನೆ ಮಧ್ಯಮ. ಮಗಳಿಗೆ ಮೂರು ವರ್ಷದಲ್ಲಿ ಹಣಕಾಸು ಲೆಕ್ಕಶಾಸ್ತ್ರ, ವೆಚ್ಚ ಲೆಕ್ಕಶಾಸ್ತ್ರ ಇತ್ಯಾದಿ ಕಲಿಸಲು ಐವರು ಬಂದು ಹೋದರು. ಒಬ್ಬರಂತೂ ದೀಪಾವಳಿಗೆ ಊರಿಗೆ ಹೋದವರು ತಿರುಗಿ ಬರಲಿಲ್ಲ. ಕಾರಣ ಗುಟ್ಟಿನದಲ್ಲ. ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನ 2022ರಲ್ಲಿ ಏರಿದ ಮೇಲೆ, ಅನುದಾನವಿಲ್ಲದ ಖಾಸಗಿ ಕಾಲೇಜು ಕೊಡುವ ಸಂಬಳಕ್ಕೆ ಅರ್ಹ ಜನ ನಿಲ್ಲುವುದಿಲ್ಲ. ಹೆಚ್ಚು ಕೊಡೋಣವೆಂದರೆ ಶುಲ್ಕ ಏರಿಸಬೇಕು, ಶುಲ್ಕ ಏರಿಸಿದರೆ ನಮ್ಮಂಥವರ ಮಕ್ಕಳು ಬರುವುದಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಾಯ್ದೆಯ 12(ಬಿ) ಮಾನ್ಯತೆ ಇದ್ದರೆ ಕೇಂದ್ರದ ನೆರವಿಗೆ ದಾರಿಯಾಗುತ್ತದೆ. ಆ ಮಾನ್ಯತೆಗೆ ಕಟ್ಟಡ, ಗ್ರಂಥಾಲಯ, ಕಾಯಂ ಸಿಬ್ಬಂದಿ ಬೇಕು. ಅವನ್ನು ಮಾಡಿಕೊಳ್ಳಲು ನೆರವು ಬೇಕು. ಗಾಣದೆತ್ತಿನ ಸುತ್ತು ಇದು. ಟ್ರಸ್ಟಿನವರು ರಂಜಾನ್ ತಿಂಗಳಲ್ಲಿ ದೇಣಿಗೆ ಎತ್ತುತ್ತಾರೆ, ಅದರಿಂದ ಒಂದು ಕೊಠಡಿ ಏಳುತ್ತದೆ. ಉಪನ್ಯಾಸಕರ ಸಂಬಳ ಏರುವುದಿಲ್ಲ, ಏಕೆಂದರೆ ಕೊಠಡಿಗೆ ಕೊಟ್ಟವರ ಹೆಸರನ್ನು ಗೋಡೆಯ ಮೇಲೆ ಕೆತ್ತಿಸಬಹುದು.

ಕಲಿಕೆ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಲು ಐದನೆಯ ಸೆಮಿಸ್ಟರಿನಲ್ಲಿ ಮಗಳನ್ನು ನಾನೇ ಒಂದು ಪರೀಕ್ಷೆಗೆ ಒಡ್ಡಿದೆ. ನೋಂದಾಯಿತ ವ್ಯಾಪಾರಿ ರೈತನಿಂದ ಕಚ್ಚಾ ಹತ್ತಿ ಕೊಂಡರೆ ಜಿಎಸ್‌ಟಿ ಕಟ್ಟುವ ಹೊಣೆ ಮಾರಿದವನದಲ್ಲ, ಕೊಂಡವನದು; 2017ರ ನವೆಂಬರಿನಿಂದ ನಡೆದುಬಂದ ಈ ಶೇ. 5ರ 'ರಿವರ್ಸ್ ಚಾರ್ಜ್' ನಮ್ಮ ಜಿನ್ನಿಂಗ್ ಕಸುಬಿನ ನಿತ್ಯದ ಪಾಠ. ವ್ಯಾಖ್ಯೆ ಕೇಳಿದೆ, ಪುಸ್ತಕದಲ್ಲಿದ್ದಂತೆ ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಒಂದು ಖರೀದಿ ಚೀಟಿ ಮುಂದಿಟ್ಟು ನಮೂದು ಹಾಕು ಎಂದೆ, ಕೈ ನಿಂತಿತು. ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿ ಇರುವ ಕಂಪ್ಯೂಟರುಗಳು ಕಾಲೇಜಿನಲ್ಲಿ ಹದಿನಾಲ್ಕು, ಅವುಗಳಲ್ಲಿ ಆ ವರ್ಷ ಚಾಲೂ ಇದ್ದದ್ದು ಒಂಬತ್ತು, ತರಗತಿಯಲ್ಲಿದ್ದವರು ನಲವತ್ತೆರಡು ಮಂದಿ. ಕೈ ನಿಲ್ಲದೆ ಇನ್ನೇನಾದೀತು? ದೇಶದ ದೊಡ್ಡ ಹತ್ತಿ ಪೇಟೆಗಳಲ್ಲಿ ಒಂದಾದ ಊರಿನಲ್ಲಿ ಕುಳಿತು ವಾಣಿಜ್ಯ ಓದುವ ಹುಡುಗಿಯರನ್ನು ಮೂರು ವರ್ಷದಲ್ಲಿ ಒಂದು ದಿನವೂ ಎಪಿಎಂಸಿ ಯಾರ್ಡಿಗೆ ಕರೆದುಕೊಂಡು ಹೋಗಲಿಲ್ಲ ಎಂಬುದಕ್ಕೆ ಮಾತ್ರ ನಾನು ಬಡತನದ ನೆಪವನ್ನು ಒಪ್ಪಲಾರೆ. ಅದಕ್ಕೆ ಬೇಕಿದ್ದದ್ದು ಒಂದು ಆಟೋ ಬಾಡಿಗೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಭಾಷೆಯದು, ಮತ್ತು ಅದು ಹಣದ್ದಲ್ಲ, ದೃಷ್ಟಿಯದು. ಈ ಸೀಮೆ 1948ರ ಸೆಪ್ಟೆಂಬರಿನ ತನಕ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಮಾತು ಉರ್ದು, ಹೈದರಾಬಾದಿನಲ್ಲಿ 1918ರಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಉರ್ದು ಬಲ್ಲವನು ಅಂದು ಅಧಿಕಾರದ ಬಾಗಿಲಲ್ಲಿದ್ದ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಾಗಿಲು ಬೇರೆ ಕಡೆಗೆ ತಿರುಗಿತು, ನಮ್ಮ ಹಿರಿಯರಲ್ಲಿ ಹಲವರು ಹಳೆಯ ಬಾಗಿಲಲ್ಲೇ ನಿಂತರು. ಉರ್ದು ಉಳಿಯಬೇಕು, ಅದನ್ನು ಉಳಿಸುವ ಕೆಲಸವನ್ನು ಇಂಥ ಕಾಲೇಜುಗಳು ಮಾಡದಿದ್ದರೆ ಬೇರೆ ಯಾರೂ ಮಾಡುವುದಿಲ್ಲ ಎಂಬುದನ್ನು ಉರ್ದು ಬಾರದ ನಾನೂ ಒಪ್ಪುತ್ತೇನೆ. ನನ್ನ ತಕರಾರು ಬೇರೆ. ಈ ಕಾಲೇಜಿನ ಸೂಚನಾ ಫಲಕದಲ್ಲಿ ಇಂಗ್ಲಿಷ್ ಇದೆ, ಉರ್ದು ಇದೆ, ಕನ್ನಡ ಇರುವುದು ವಿಶ್ವವಿದ್ಯಾಲಯದಿಂದ ಬಂದ ಸುತ್ತೋಲೆಯಲ್ಲಿ ಮಾತ್ರ. ವಾರ್ಷಿಕೋತ್ಸವದ ಮೂರು ಗಂಟೆಯ ಕಾರ್ಯಕ್ರಮದಲ್ಲಿ ಕನ್ನಡ ಕೇಳಿಸಿದ್ದು ನಾಡಗೀತೆಯಲ್ಲಿ ಮತ್ತು ಮುಖ್ಯ ಅತಿಥಿಯಾಗಿ ಬಂದ ಅಧಿಕಾರಿಯ ಭಾಷಣದಲ್ಲಿ. ಕನ್ನಡ ಉಪನ್ಯಾಸಕಿ ಒಳ್ಳೆಯವರು, ಆದರೆ ಅವರು ಬರುತ್ತಿದ್ದದ್ದು ವಾರಕ್ಕೆ ಎರಡು ದಿನ.

ಇದರ ಪೆಟ್ಟು ಕನ್ನಡದ ಮನೆಯಿಂದ ಬಂದ ನನ್ನ ಮಗಳಿಗೆ ಬೀಳಲಿಲ್ಲ. ಅವಳಿಗೆ ಬಿದ್ದದ್ದು ಒಂದಿಷ್ಟು ಕಿರಿಕಿರಿ ಅಷ್ಟೇ. ಮೊದಲ ವರ್ಷ ಗೆಳತಿಯರು ಅವಳನ್ನು "ಕನ್ನಡವಾಲಿ" ಎಂದು ಕರೆಯುತ್ತಿದ್ದರು, ಮೂರನೆಯ ವರ್ಷದ ಹೊತ್ತಿಗೆ ಅದೇ ಗೆಳತಿಯರು ಅರ್ಜಿ ಬರೆಸಿಕೊಳ್ಳಲು ಅವಳ ಹತ್ತಿರ ಬರುತ್ತಿದ್ದರು. ಪೆಟ್ಟು ಬಿದ್ದದ್ದು ಆ ಗೆಳತಿಯರಿಗೆ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಅವರಲ್ಲಿ ಕೆಲವರು ಅರ್ಜಿ ಹಾಕಿದರು. ಪಿಯುಸಿ ಅರ್ಹತೆಯ ಹುದ್ದೆ, ಊರ ಹತ್ತಿರದ ಕೆಲಸ, ಮನೆಯವರೂ ಒಪ್ಪಿದ್ದರು. ಕಡ್ಡಾಯ ಕನ್ನಡ ಭಾಷಾ ಪರೀಕ್ಷೆಯಲ್ಲೇ ಇಬ್ಬರು ಹೊರಬಿದ್ದರು. ಒಂದರಿಂದ ಹತ್ತರ ತನಕ ಉರ್ದು ಮಾಧ್ಯಮದಲ್ಲಿ ಓದಿ ಬಂದ ಜಾಣ ಹುಡುಗಿಯರು ಅವರು, ಲೆಕ್ಕದಲ್ಲಿ ನನ್ನ ಮಗಳಿಗಿಂತ ಮುಂದೆ. ರಾಜ್ಯದ ನೌಕರಿಗೆ ಕನ್ನಡ ಬೇಕೆಂಬುದು ನಿನ್ನೆ ಮೊನ್ನೆ ಬಂದ ನಿಯಮವಲ್ಲ. ಮೂರು ವರ್ಷ ತಮ್ಮ ಕೈಯಲ್ಲಿದ್ದ ಹುಡುಗಿಯರಿಗೆ ಸಂಜೆ ಒಂದು ಗಂಟೆ ಕನ್ನಡ ಕಲಿಸುವ ಏರ್ಪಾಡನ್ನು ಕಾಲೇಜು ಮಾಡಿದ್ದರೆ, ಅಜ್ಜಿಯ ಮನೆಗೆ ಕಾರಿನಲ್ಲಿ ಹೋಗಿ ಉಳಿಸಿಕೊಂಡ ಓದಿಗೆ ಒಂದು ಫಲವೂ ಬರುತ್ತಿತ್ತು.

ಈ ಮಾತನ್ನು ನಾನು ಪೋಷಕರ ಸಭೆಯಲ್ಲಿ ಎತ್ತಿದೆ. ಟ್ರಸ್ಟಿನ ಹಿರಿಯರೊಬ್ಬರು ಶಾಂತವಾಗಿ ಕೇಳಿಸಿಕೊಂಡು, "ಭಾಯಿ, ಉರ್ದು ನಮ್ಮ ಗುರುತು" ಎಂದರು. ನಮ್ಮ ಮಾವನವರ ಊರು ಮುದಗಲ್ಲು. ಅಲ್ಲಿಯ ಮೊಹರಂ ನೋಡಿದವರಿಗೆ ಗೊತ್ತು, ಕರ್ಬಲೆಯ ಕಥೆಯನ್ನು ರಿವಾಯತ್ ಪದಗಳಲ್ಲಿ ಈ ಸೀಮೆ ತಲೆಮಾರುಗಳಿಂದ ಹಾಡಿಕೊಂಡು ಬಂದಿರುವುದು ಕನ್ನಡದಲ್ಲಿ, ಹಾಡುವವರಲ್ಲಿ ಮುಸ್ಲಿಮರೂ ಉಂಟು, ಕುರುಬರೂ ಉಂಟು, ಲಿಂಗಾಯತರೂ ಉಂಟು. ಹಸನ್ ಹುಸೇನರಿಗಾಗಿ ಅಳಲು ಒದಗಿದ ಭಾಷೆ ನಮ್ಮ ಗುರುತಲ್ಲವಾದರೆ ಬೇರೆ ಯಾವುದು ಎಂದು ಕೇಳಬೇಕೆನ್ನಿಸಿತು. ಸಭೆ ಅದಕ್ಕೆ ತಕ್ಕದ್ದಲ್ಲವೆಂದು, "ಗುರುತಿನ ಜೊತೆಗೆ ನೌಕರಿಯೂ ಬೇಕಲ್ರಿ ಸಾಹೇಬ್ರ" ಎಂದು ಕುಳಿತೆ. ಒಂದಿಬ್ಬರು ತಾಯಂದಿರು ತಲೆಯಾಡಿಸಿದರು. ಮುಂದಿನ ವರ್ಷದಿಂದ ಕನ್ನಡದ ಮೇಡಂ ವಾರಕ್ಕೆ ನಾಲ್ಕು ದಿನ ಬರತೊಡಗಿದರು. ನನ್ನ ಮಾತಿನಿಂದಲೇ ಎಂದು ಹೇಳಿಕೊಳ್ಳುವುದಿಲ್ಲ.

ಮುಸ್ಲಿಮೇತರ ಹುಡುಗಿಯರ ಬಗ್ಗೆ ಕೇಳುವವರಿದ್ದಾರೆ, ಆದ್ದರಿಂದ ಅದನ್ನೂ ಹೇಳುತ್ತೇನೆ. ಮಗಳ ತರಗತಿಯ ನಲವತ್ತೆರಡರಲ್ಲಿ ಹದಿಮೂರು ಮಂದಿ ಬೇರೆ ಸಮುದಾಯಗಳವರು, ಅವರಲ್ಲಿ ಹೆಚ್ಚಿನವರು ಪರಿಶಿಷ್ಟ ಜಾತಿಯ ಮನೆಗಳವರು, ಇಬ್ಬರು ತೆಲುಗು ಮಾತಾಡುವವರು. ಸಂವಿಧಾನದ 93ನೆಯ ತಿದ್ದುಪಡಿ ಖಾಸಗಿ ಕಾಲೇಜುಗಳಲ್ಲೂ ಮೀಸಲಾತಿ ತರಲು ದಾರಿ ಮಾಡಿಕೊಟ್ಟಾಗ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟಿತು; ಇದು ಅನ್ಯಾಯವೆಂದು ನನ್ನ ದಲಿತ ಸ್ನೇಹಿತರು ಹೇಳುತ್ತಾರೆ, ಅವರ ಮಾತಿನಲ್ಲಿ ಹುರುಳಿದೆ. ಪೈಪೋಟಿ ಇರುವ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದರ ಬಿಸಿ ನಿಜವಾಗಿಯೂ ತಟ್ಟುತ್ತದೆ. ನಮ್ಮ ಕಾಲೇಜಿನ ಸಂಕಟ ಬೇರೆ: ಅಲ್ಲಿ ಸೀಟುಗಳೇ ಪೂರ್ತಿ ತುಂಬುವುದಿಲ್ಲ, ಕಿಟಕಿಗೆ ಬಂದವರಿಗೆಲ್ಲ ಪ್ರವೇಶ. ಒಳಗೆ ಭೇದವೆಣಿಸಿದ್ದನ್ನು ಮಗಳು ಕಂಡಿಲ್ಲ. 'ನೈತಿಕ ಶಿಕ್ಷಣ' ಎಂಬ ವಾರದ ಒಂದು ತರಗತಿ ಮುಸ್ಲಿಂ ಹುಡುಗಿಯರಿಗೆ ದೀನಿಯಾತ್, ಅಂದರೆ ಇಸ್ಲಾಂ ಧರ್ಮದ ಪಾಠವಾಗಿ ನಡೆಯುವಾಗ ಉಳಿದವರು ಗ್ರಂಥಾಲಯದಲ್ಲಿ ಕೂರುತ್ತಿದ್ದರು, ಮತ್ತು ಅವರ ಹಾಜರಾತಿಯನ್ನೂ ಬರೆದುಕೊಳ್ಳುತ್ತಿದ್ದರು. ಗ್ರಂಥಾಲಯದಲ್ಲಿ ಓದಲು ಏನಿತ್ತು ಎಂದು ಕೇಳಬೇಡಿ. ಕನ್ನಡದ ಕಪಾಟು ಒಂದೇ, ಅದರ ಬೀಗದ ಕೈ ಇದ್ದದ್ದು ವಾರಕ್ಕೆರಡು ದಿನದ ಮೇಡಂ ಹತ್ತಿರ.

ಪಠ್ಯಕ್ರಮದ ಗೊಂದಲಕ್ಕೆ ಕಾಲೇಜನ್ನು ದೂರುವುದಿಲ್ಲ. 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆ 2024-25ರ ಹೊಸ ಪ್ರವೇಶದಿಂದ ಮತ್ತೆ ಮೂರಕ್ಕೆ ತಿರುಗಿತು; ನಡುವಿನ ತಂಡದವಳಾದ ಮಗಳು ಮೂರು ವರ್ಷಕ್ಕೆ ಪದವಿ ಪಡೆದು ಹೊರಬಂದಳು.

ಈಗ ಅವಳು ನನ್ನ ಪರಿಚಯದ ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದಾಳೆ. ರಿವರ್ಸ್ ಚಾರ್ಜಿನ ನಮೂದು ಈಗ ನನಗಿಂತ ಬೇಗ ಹಾಕುತ್ತಾಳೆ, ಆದರೆ ಅದನ್ನು ಕಲಿತದ್ದು ಕಾಲೇಜಿನಲ್ಲಲ್ಲ. ಆ ಕಚೇರಿಯ ತನಕ ಅವಳು ನಡೆದು ಬರಲು ಕಾಲೇಜೇ ಕಾರಣ ಎಂಬುದೂ ಅಷ್ಟೇ ನಿಜ.

ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಮನೆಯಲ್ಲಿ ಹುಡುಗಿಯನ್ನು ಹೊರಗೆ ಕಳಿಸಲು ಹಿಂಜರಿಯುವ ಹಿರಿಯರಿದ್ದರೆ, ಅವಳ ಓದು ಪಿಯುಸಿಗೇ ನಿಲ್ಲುವ ಸಂಭವವಿದ್ದರೆ, ಬಿ.ಎ. ಅಥವಾ ಬಿ.ಕಾಂ. ಓದಿಸುವುದಿದ್ದರೆ, ಯಾವ ಸಮುದಾಯದವರಾದರೂ ಇಲ್ಲಿಗೆ ಸೇರಿಸಬಹುದು. ಟ್ಯಾಲಿ ಮತ್ತು ಇಂಗ್ಲಿಷಿಗೆ ಹೊರಗೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕು. ಉರ್ದು ಮಾಧ್ಯಮದಿಂದ ಬಂದ ಹುಡುಗಿಯಾದರೆ ಮೊದಲ ದಿನವೇ ಕನ್ನಡದ ಮೇಡಂ ಅವರನ್ನು ಹುಡುಕಿ ಪರಿಚಯ ಮಾಡಿಸಿ. ವಿಜ್ಞಾನ ಓದಿಸುವವರು ಪ್ರಯೋಗಾಲಯವನ್ನು ಕಣ್ಣಾರೆ ನೋಡದೆ ಶುಲ್ಕ ಕಟ್ಟಬೇಡಿ; ನನ್ನ ಎರಡನೆಯ ಮಗಳು ಬಿ.ಎಸ್‌ಸಿ. ಕೇಳುತ್ತಿದ್ದಾಳೆ, ಅವಳನ್ನು ನಾನು ಸರ್ಕಾರಿ ಕಾಲೇಜಿಗೆ ಹಾಕುವವನಿದ್ದೇನೆ. ಅಜ್ಜಿಯನ್ನು ಒಪ್ಪಿಸುವ ಕೆಲಸವನ್ನು ಈ ಸಲ ದೊಡ್ಡವಳು ವಹಿಸಿಕೊಂಡಿದ್ದಾಳೆ.

ಪ್ರವೇಶಕ್ಕೆ ಹೋಗುವಾಗ ಆಧಾರ್, ಅಂಕಪಟ್ಟಿ, ಆದಾಯ ಮತ್ತು ಜಾತಿ ಪ್ರಮಾಣಪತ್ರಗಳ ಎರಡೆರಡು ನಕಲು ಇರಲಿ. ಕಿಟಕಿಯೊಳಗಿನ ಗುಮಾಸ್ತರು ಅರ್ಜಿಯನ್ನು ತುಂಬುವಾಗ ಒಂದೊಂದು ಕಾಲಮ್ಮನ್ನೂ ಗಟ್ಟಿಯಾಗಿ ಓದಿಸಿ ಕೇಳಿ, ಅದರಲ್ಲೂ ಪ್ರವರ್ಗ ಮತ್ತು ಮಾತೃಭಾಷೆಯನ್ನು. ಮಗಳ ವರ್ಗಾವಣೆ ಪತ್ರವನ್ನು ತರಲು ಕಳೆದ ತಿಂಗಳು ಹೋಗಿದ್ದೆ. ಅದರಲ್ಲಿ ಪ್ರವರ್ಗ-1 ಎಂದೇ ಇತ್ತು, ಮಾತೃಭಾಷೆ ಮತ್ತೆ ಉರ್ದು ಆಗಿತ್ತು. ಅದೇ ಗುಮಾಸ್ತರು ಈ ಸಲ ಏನೂ ಕೇಳದೆ ಹೊಸ ಪತ್ರ ಬರೆದುಕೊಟ್ಟರು, ಹತ್ತು ನಿಮಿಷದ ಕೆಲಸ.